ಅಜ್ಜನ ಹೆಸರಿನ ಅಳತೆ

ಊಟಿ ಹತ್ತಿರದ ಕೆತ್ತಿ ಊರಿನ ಭುವನಾ ವೆಬ್‌ಸೈಟುಗಳ ವಿನ್ಯಾಸ ಮಾಡುವವಳು. ಕೋಡ್ ಬರೆಯುವುದು ಊಟಿಯ ಗಿರೀಶನ ಪಾಲು. ನೀನೂ ಕಲಿಯಬಾರದೇ ಎಂದವರಿಗೆ, "ಅಡುಗೆ ಮಾಡುವವಳು ಒಲೆಯನ್ನೂ ಕಟ್ಟಬೇಕಾ?" ಎನ್ನುತ್ತಿದ್ದಳು.

ತನ್ನ ಹಟ್ಟಿಯ ಟೀ ಬೆಳೆಗಾರರ ಸೈಟಿಗೆ, ಮಾದರಿಯಾಗಿ ಅಜ್ಜ ಅರಿ, ಅಜ್ಜಿ ಮಲ್ಲಿಯ ಹೆಸರು ಬರೆದು, ಅವಕ್ಕೆ ಒಪ್ಪುವ ಪುಟ್ಟ ಚೌಕಗಳನ್ನು ಬಿಡಿಸಿದಳು. ಸೈಟ್ ತೆರೆದಾಗ ಅಣ್ಣ ಮನೋಜ್‌ಕುಮಾರನ ಹೆಸರು ಅರ್ಧಕ್ಕೇ ಕತ್ತರಿಸಿಹೋಗಿತ್ತು.

"ಗಿರೀಶಣ್ಣ, ಇದೇನಿದು?"

"ನೀನು ಕೊಟ್ಟ ಅಳತೆಯನ್ನೇ ಹಾಕಿದ್ದೀನಮ್ಮ. ಈಗಿನ ಹೆಸರುಗಳು ಉದ್ದ."

ಅವನು ಕೋಡಿನ ಒಂದು ಸಾಲು ಬದಲಿಸಿದ. ಚೌಕ ಹೆಸರಿಗೆ ತಕ್ಕಷ್ಟು ಅಗಲವಾಯಿತು. ಭುವನಾ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

"ಅದನ್ನ ಅಳಿಸಿ, ನಾನು ಬರೀತೀನಿ."

ಬರೆದಾದ ಮೇಲೆ, ಹೊಟ್ಟೆಯಲ್ಲಿದ್ದ ಕೂಸಿಗೆ ತಾನು ಯಾರಿಗೂ ಹೇಳದೆ ಆರಿಸಿಟ್ಟಿದ್ದ ಹೆಸರನ್ನು ಚೌಕದೊಳಗೆ ಟೈಪ್ ಮಾಡಿದಳು. ಒಂದಕ್ಷರವೂ ಕತ್ತರಿಸದೆ ಹಿಡಿಸಿತು. ಗಿರೀಶ ಓದುವ ಮೊದಲೇ ಅಳಿಸಿದಳು.