ಬಿಳಿ ಧೋತರದ ತುಂಡು

ಮುದ್ದೇಬಿಹಾಳದಲ್ಲಿರುವ ಮಗಳ ಕೂಸಿಗೆ ಮೆತ್ತನೆಯ ಹಳೇ ಬಟ್ಟೆ ಕಳಿಸೋಣವೆಂದು ಹೋದ ವಾರ ಟ್ರಂಕು ತೆಗೆದೆ. ತಳದಲ್ಲಿ ಎರಡು ಅಂಗೈ ಅಗಲದ ಬಿಳಿ ಧೋತರದ ತುಂಡು ಸಿಕ್ಕಿತು. ಒಗೆದು ಮಡಿಚಿಟ್ಟ ಬಟ್ಟೆ. ಮೂಗಿಗೆ ಹಿಡಿದಾಗ ಔಡಲೆಣ್ಣೆಯ ವಾಸನೆ ಬಂತು. ನಿಜವಾಗಿ ಬಂತೋ, ನನಗೆ ಹಾಗನಿಸಿತೋ... ಈಗಲೂ ಹೇಳಲಾರೆ.

ಈ ಮಗಳು ಹುಟ್ಟಿದಾಗ ನಾನು ಬಾಣಂತನಕ್ಕೆ ಸಿಂದಗಿಯ ತವರಿನಲ್ಲಿದ್ದೆ. ಕೂಸಿಗೆ ಎರೆಯಲು ಹಿಂದಿನ ಓಣಿಯಿಂದ ಒಬ್ಬ ಆಯಿ ಬರುತ್ತಿದ್ದಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಎರೆಯುತ್ತಿದ್ದಳು. ಅವಳಿಗೊಂದು ಹಟವಿತ್ತು. ಕೂಸಿಗೆ ಕಟ್ಟಿದ ಹಿಂದಿನ ದಿನದ ಅರಿವೆಗಳನ್ನು ತಾನು ನೋಡುವವರೆಗೆ ಒಗೆಯಬಾರದು, ಮತ್ತು ಅವು ಬಿಳಿ ಇರಬೇಕು. ಅವ್ವ ನಮ್ಮ ಕಡೆಯ ರೂಢಿಯಂತೆ ಹಳೇ ಸೀರೆ ಹರಿದು, ಅರಿಷಿಣದ ನೀರಿನಲ್ಲಿ ಅದ್ದಿ ಒಣಗಿಸಿದ್ದಳು. ಮೊದಲ ದಿನವೇ ಆಯಿ ಅವನ್ನು ಪಕ್ಕಕ್ಕೆ ಸರಿಸಿದಳು.

"ಹಳದಿ ಮ್ಯಾಲ ಹಳದಿ ನಾ ಏನ್ ನೋಡ್ಲಿ? ಯಜಮಾನ್ರ ಧೋತರ ಹರೀರಿ."

"ಅವರೇನ್ ಉಟ್ಗೋಬೇಕು?" ಎಂದಳು ಅವ್ವ.

"ಇನ್ನೊಂದೈತಲ್ಲ. ಒಮ್ಮಿಗೆ ಎರಡ ಉಡ್ತಾರೇನು?"

ಅಪ್ಪನ ಧೋತರ ಹರಿಯಿತು. ಆಮೇಲೆ ಎರಡು ತಿಂಗಳು ನಮ್ಮ ಮನೆಯಲ್ಲಿ ಆ ತುಂಡುಗಳ ಬಣ್ಣದ್ದೇ ಮಾತು. ಮೊದಲ ಎರಡು ಮೂರು ದಿನ ಕೂಸಿನ ಮಲ ಡಾಂಬರಿನಂತೆ ಕಪ್ಪಗೆ ಹೋಯಿತು. ಹೊಟ್ಟೆಯೊಳಗಿಂದ ತಂದದ್ದು, ಹೋಗಲಿ ಎಂದಳು ಆಯಿ. ಆಮೇಲೆ ಹಳದಿ, ತೆಳ್ಳಗೆ, ನಡುವೆ ಸಾಸಿವೆಯಂಥ ಕಾಳು. ದಿನಕ್ಕೆ ಎಂಟೊಂಬತ್ತು ಸಲ. ಭೇದಿ ಹತ್ತಿದೆಯೆಂದು ಪಕ್ಕದ ಮನೆಯವರು ನನಗೆ ಮಜ್ಜಿಗೆ ಬಿಡಿಸಿದರು. ಆಯಿ ಮರುದಿನ ಅದನ್ನೇ ನನಗೆ ಮತ್ತೆ ಕುಡಿಸಿದಳು. ಒಂದು ವಾರ ಹಸಿರಾಯಿತು, ಮತ್ತೆ ತಾನೇ ಹಳದಿಯಾಯಿತು. ಎರಡನೇ ತಿಂಗಳಲ್ಲಿ ಮೂರು ದಿನ ಏನೂ ಇಲ್ಲ. ಅವ್ವ ಕೂಸಿನ ಬಾಯಿಗೆ ಹಾಕಲು ಚಮಚದಲ್ಲಿ ಔಡಲೆಣ್ಣೆ ಬೆಚ್ಚಗೆ ಮಾಡಿ ತಂದಳು. ಆಯಿ ಆ ಚಮಚ ಇಸಿದುಕೊಂಡು ಎಣ್ಣೆಯನ್ನು ಕೂಸಿನ ಅಂಗಾಲಿಗೆ ತಿಕ್ಕಿಬಿಟ್ಟಳು.

"ಮಲಿ ಕುಡೀತೈತಿ, ಉಚ್ಚಿ ಹೊಯ್ತೈತಿ, ಹೊಟ್ಟಿ ಮೆತ್ತಗೈತಿ. ಮತ್ತೇನ್ ಬೇಕ್ರಿ ನಿಮಗ?"

ನಾಲ್ಕನೆಯ ದಿನ ತಾನಾಗಿಯೇ ಹೋಯಿತು. ನನಗೆ ಮಾತ್ರ ತಿಳಿಯದಾಯಿತು. ಕಪ್ಪಾದರೂ ಸರಿ, ಹಸಿರಾದರೂ ಸರಿ, ಹೋಗದಿದ್ದರೂ ಸರಿ ಎಂದರೆ ಅಂಜಬೇಕಾದದ್ದು ಯಾವುದಕ್ಕೆ? ಕೇಳಿದೆ. ಅವಳು ನಗಲಿಲ್ಲ. ರಕ್ತ ಕಂಡರೆ, ಮೊದಲ ದಿನಗಳು ಕಳೆದ ಮೇಲೆ ಮತ್ತೆ ಕಪ್ಪಾದರೆ, ನೀರಿನಂತೆ ಹೋಗಿ ಕೂಸು ಬಾಡಿದರೆ ಎಂದು ನಿಧಾನವಾಗಿ ಹೇಳಿದಳು.

"ಸುಣ್ಣದಂಗ ಬೆಳ್ಳಗಾದ್ರ ನನ್ನ ಕರೀಬ್ಯಾಡ. ಸೀದಾ ದವಾಖಾನಿಗೆ ಹೋಗು."

ಅದೇ ಹೊತ್ತಿಗೆ ಇಂಡಿಯಲ್ಲಿದ್ದ ಅವಳ ಮಗಳೂ ಹಡೆದಿದ್ದಳು. ಆ ಕೂಸು ನನ್ನ ಕೂಸಿಗಿಂತ ಎರಡು ವಾರ ಚಿಕ್ಕದು. ಆಯಿ ಎರಡು ದಿನ ಹೋಗಿಬಂದಳು. ಬಂದ ದಿನ ನನ್ನ ಮಗಳಿಗೆ ಎರೆದು ಕೊಟ್ಟು, ಸೆರಗಿನ ಗಂಟಿನಿಂದ ಮೊಮ್ಮಗನಿಗೆ ಕಟ್ಟಿದ್ದ ಅರಿವೆಯೊಂದನ್ನು, ಮಡಿಚಿದ್ದನ್ನು, ತೆಗೆದಳು. ಅವಳ ಕಣ್ಣಿಗೆ ಪೊರೆ ಬಂದದ್ದನ್ನು ನಾನು ಗಮನಿಸಿದ್ದು ಅವತ್ತೇ. ಮೊಮ್ಮಗನ ಕಣ್ಣು, ಮೈಯ ಹಳದಿ, ಹುಟ್ಟಿದಾಗಿನ ಕಾಮಣಿ, ಇನ್ನೂ ಇಳಿದಿಲ್ಲವಂತೆ. ತನಗೆ ಸರಿಯಾಗಿ ಕಾಣದೆಂದು ಬೀಗರ ಮುಂದೆ ಹೇಳಲು ಅವಳಿಗೆ ನಾಚಿಕೆಯಾಗಿತ್ತು.

"ನೀ ನೋಡಿ ಹೇಳವ್ವಿ, ಹಳದಿ ಐತೇನು?"

ಬಚ್ಚಲಲ್ಲಿ ಹೊಗೆಯಿತ್ತು, ಬೆಳಕು ಕಡಿಮೆ. ಬಟ್ಟೆ ಒಣಗಿ ಗಟ್ಟಿಯಾಗಿತ್ತು. ನೋಡಿದೆ. ಹಳದಿ ಕಂಡಿತು.

"ಹೂಂ ಆಯಿ, ಹಳದಿನ ಐತಿ," ಎಂದೆ.

ಅವಳು ಉಸಿರು ಬಿಟ್ಟಳು. ಇದನ್ನು ಕಟ್ಟಿಕೊಂಡು ಬಂದೆನೆಂದು ಬಸ್ಸಿನಲ್ಲಿ ಯಾರೂ ಪಕ್ಕಕ್ಕೆ ಕೂರಲಿಲ್ಲ ಎಂದು ನಗಾಡಿದಳು ಕೂಡ.

ಆರು ದಿನದ ಮೇಲೆ, ಧೋತರದ ತುಂಡು ಸಾಲದೆ ಅವ್ವ ಮತ್ತೆ ಸೀರೆಯ ತುಂಡುಗಳನ್ನು ಅರಿಷಿಣದಲ್ಲಿ ಅದ್ದಿ ಹಗ್ಗಕ್ಕೆ ಹಾಕಿದಳು. ಅವುಗಳ ಕೆಳಗೆ ನಿಂತಾಗ ಆಯಿಯ ಸೆರಗಿನ ಗಂಟು ನೆನಪಾಯಿತು. ಇಂಡಿಯ ಆ ಅರಿವೆಯ ಅಂಚು ಯಾವ ಬಣ್ಣದ್ದಿತ್ತು? ಕಲೆಯಿಲ್ಲದ ಅಂಚೂ ಹಳದಿಯೇ ಇತ್ತೇ? ಎಷ್ಟು ನೆನೆದರೂ ಕಲೆ ಕಾಣುತ್ತಿತ್ತು, ಅಂಚು ಕಾಣುತ್ತಿರಲಿಲ್ಲ. ಬಾಣಂತಿ ಹೊಸ್ತಿಲು ದಾಟಬಾರದೆಂದು ಅವ್ವ ತಡೆದಳು. ಒಗೆದಿಟ್ಟ ಧೋತರದ ತುಂಡೊಂದನ್ನು ಎತ್ತಿಕೊಂಡು ದಾಟಿದೆ.

ಆಯಿ ಜೋಳ ಹಸನು ಮಾಡುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ ಮೊರ ಕೆಳಗಿಟ್ಟಳು. ನನ್ನ ಕೈಯಲ್ಲಿದ್ದ ಧೋತರದ ತುಂಡು ತೆಗೆದುಕೊಂಡು ಇಂಡಿ ಬಸ್ಸು ಹತ್ತಿದಳು.

ಬಿಳಿ ಬಟ್ಟೆಯ ಮೇಲೆ ಕೂಸಿನ ಮಲ ಹಸಿ ಸುಣ್ಣದಂತೆ ಕಂಡಿತಂತೆ. ಉಚ್ಚೆ ಚಹಾದ ಬಣ್ಣ. ವಿಜಯಪುರಕ್ಕೆ, ಅಲ್ಲಿಂದ ದೂರದ ದೊಡ್ಡ ದವಾಖಾನೆಗೆ ಒಯ್ದರು. ಪಿತ್ತ ಇಳಿಯುವ ದಾರಿ ಮುಚ್ಚಿದೆ, ಇಂಥ ಕೂಸುಗಳನ್ನು ಆದಷ್ಟು ಬೇಗ ತರಬೇಕು ಎಂದರು. ಪರೀಕ್ಷೆಗಳು ಮುಗಿದು ಆಪರೇಶನ್ ಆಗುವಷ್ಟರಲ್ಲಿ ಕೂಸಿಗೆ ಎರಡು ತಿಂಗಳು ದಾಟಿತ್ತು. ಅದು ಒಂಬತ್ತು ತಿಂಗಳು ಬದುಕಿತು.

ಆ ಆರು ದಿನ... ನಾನು ಮುಂದೆ ಇಬ್ಬರು ಡಾಕ್ಟರರನ್ನು ಕೇಳಿದ್ದೇನೆ. ಬೇಗ ಮಾಡಿದರೂ ಕೆಲವು ಕೂಸು ಉಳಿಯುವುದಿಲ್ಲ ಎಂದರು ಒಬ್ಬರು. ಇನ್ನೊಬ್ಬರು ಯಾಕೆ ಕೇಳುತ್ತೀರಿ ಎಂದರು. ನಾನು ಎದ್ದು ಬಂದೆ.

ಆಯಿ ಆಮೇಲೆ ಯಾರ ಕೂಸಿಗೂ ಎರೆಯಲಿಲ್ಲ. ಒಮ್ಮೆ ಅವಳ ಮನೆಗೆ ಹೋಗಿ, ತಪ್ಪಾಯಿತೆಂದು ಹೇಳಹೊರಟೆ. ಅವಳು ಒಳಗಿನಿಂದ ಧೋತರದ ತುಂಡು ತಂದು ನನ್ನ ಕೈಗಿಟ್ಟಳು. ಒಗೆದು ಮಡಿಚಿದ್ದಳು.

"ನೀ ಕಂಡದ್ದ ಹೇಳಿದಿ. ಬಿಳಿ ಅರಿವಿ ಒಯ್ಯಬೇಕಂತ ನನಗ ಗೊತ್ತಿರಲಿಲ್ಲೇನು? ಹಳದಿ ಅನ್ನಿಸ್ಕೊಳ್ಳಾಕಂತನ ನಿನ್ನ ಹಂತೇಕ ಬಂದಿದ್ದೆವ್ವಿ."

ಅವಳು ತೀರಿಕೊಂಡದ್ದು ನನಗೆ ಗೊತ್ತಾದದ್ದು ತಿಂಗಳ ಮೇಲೆ, ಇಲ್ಲಿ ಗಂಡನ ಊರು ಬಸವನಬಾಗೇವಾಡಿಯಲ್ಲಿ.

ಟ್ರಂಕಿನಲ್ಲಿ ಸಿಕ್ಕ ಆ ತುಂಡನ್ನು ಮಗಳಿಗೆ ಕಳಿಸಿದೆ. ಇವತ್ತು ಮುಂಜಾನೆ ಅವಳ ಫೋನು ಬಂತು. ಕೂಸು ಮೂರು ದಿನ ಏನೂ ಹೋಗಿರಲಿಲ್ಲ, ಈಗ ಹೋಗಿದೆ, ಫೋಟೋ ಕಳಿಸಿದ್ದೇನೆ, ಬಣ್ಣ ಹೇಗಿದೆ ನೋಡು ಎಂದಳು. ಕುಡಿಯುತ್ತದೆಯೇ, ಉಚ್ಚೆ ಹೊಯ್ಯುತ್ತದೆಯೇ ಎಂದು ಕೇಳುತ್ತಲೇ ಫೋನು ಹಿಡಿದು ಅಂಗಳದ ಬಿಸಿಲಿಗೆ ಬಂದೆ. ಹಳದಿ. ಮಾತು ಬಾಯಿಗೆ ಬಂದು ನಿಂತಿತು.

"ಅಂಚು ಯಾವ ಬಣ್ಣ ಐತಿ? ಮೊದಲ ಅದನ್ನ ಹೇಳು."

"ಅರಿವಿದಾ? ಬೆಳ್ಳಗೈತಿ. ನೀ ಕಳಿಸಿದ್ದ ಅಲ್ಲೇನಬೇ ಅದು?"

ಹಾಗಾದರೆ ಹಳದಿ ಎಂದೆ. ಅವಳು ನಿಶ್ಚಿಂತೆಯಿಂದ ಫೋನು ಇಟ್ಟಳು. ನಾನು ಬಿಸಿಲಲ್ಲೇ ನಿಂತು ಆ ಚಿತ್ರವನ್ನು ಮತ್ತೆ ನೋಡಿದೆ, ಮತ್ತೆ ನೋಡಿದೆ. ತೋರಿಸಿ ಕೇಳೋಣವೆಂದರೆ ಆಯಿ ಇರಲಿಲ್ಲ.