ಬೇಸಿಗೆಯಲ್ಲಿ ಹುಟ್ಟಿದವರಿಗೆ ಕೋಳಿಜುಟ್ಟು

ಆ ಬೀದಿಯಲ್ಲಿ ಯಾರ ಹುಟ್ಟುಹಬ್ಬ ಬಂದರೂ ಜನ ಮೊದಲು ಹೋಗುವುದು ಹೂವಕ್ಕನ ಅಂಗಡಿಗೆ. ಹುಟ್ಟಿದ ತಿಂಗಳು ಹೇಳಿದರೆ ಸಾಕು, ಆ ತಿಂಗಳ ಹೂವನ್ನು ಅವಳು ಬಕೆಟ್ಟಿನಿಂದ ಎತ್ತಿ ತೋರಿಸುತ್ತಾಳೆ. ಅದರ ಅರ್ಥ ಹೇಳುವುದಕ್ಕೆ ಮಾತ್ರ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಾಳೆ. ಕಾಂಡದ ತುದಿಯನ್ನು ನೀರಿನೊಳಗೆ ಓರೆಯಾಗಿ ಕತ್ತರಿಸುತ್ತಾ, ಕನ್ನಡಕದ ಮೇಲಿನಿಂದ ಗಿರಾಕಿಯ ಮುಖವನ್ನು ಒಮ್ಮೆ ಓದುತ್ತಾಳೆ. ಹುಟ್ಟುಹಬ್ಬದವರ ಮೇಲೆ ಇವರಿಗಿರುವುದು ಪ್ರೀತಿಯೋ, ಭಯವೋ, ಹಲ್ಲು ಕಡಿಯುವಷ್ಟು ಸಿಟ್ಟೋ ಎಂಬುದು ಕತ್ತರಿ ಕೆಳಗಿಡುವಷ್ಟರಲ್ಲಿ ಅವಳಿಗೆ ತಿಳಿದಿರುತ್ತದೆ. ಅರ್ಥ ಹುಟ್ಟುವುದು ಅಲ್ಲಿಂದ.

ಈ ವಿದ್ಯೆ ಶುರುವಾದದ್ದು ಬೇಸಿಗೆಯ ಕಾಟದಿಂದ. ಅವಳ ಗಂಡ ಬೆಳಗಿನ ಜಾವ ಸಗಟು ಮಾರುಕಟ್ಟೆಯಿಂದ ಒದ್ದೆ ಗೋಣಿಯಲ್ಲಿ ಸುತ್ತಿ ತಂದ ಹೂವು ಮಧ್ಯಾಹ್ನಕ್ಕೆ ತಲೆ ಬಾಗಿಸುತ್ತಿತ್ತು. ಆ ಸೆಕೆಯಲ್ಲಿ ಹೂವು ಕೇಳಿಕೊಂಡು ಬರುವವರೆಂದರೆ ಹುಟ್ಟುಹಬ್ಬದವರು ಮಾತ್ರ. ಅಂಥ ಒಂದು ಬೇಸಿಗೆಯಲ್ಲಿ ಬೀಜದ ಕಂಪನಿಯೊಂದು ಹಂಚಿದ ಕ್ಯಾಲೆಂಡರು ಅವಳ ಗೋಡೆಗೆ ಬಂತು. ತಿಂಗಳಿಗೊಂದು ಹೂವು, ಹೂವಿಗೊಂದು ಅರ್ಥ ಅದರಲ್ಲಿ ಅಚ್ಚಾಗಿತ್ತು. ಬೇಸಿಗೆಯ ಮೊದಲ ತಿಂಗಳಿಗೆ ಗುಲಾಬಿ, ಅಂದರೆ ಪ್ರೀತಿ. ಎರಡನೆಯದಕ್ಕೆ ನೈದಿಲೆ, ಅಂದರೆ ನಿರ್ಮಲ ಮನಸ್ಸು. ಮೂರನೆಯದಕ್ಕೆ ಗ್ಲಾಡಿಯೋಲಸ್, ಅಂದರೆ ಗಟ್ಟಿ ಗುಣ. ಹೂವಕ್ಕ ಗುಲಾಬಿಯನ್ನು ಉಳಿಸಿಕೊಂಡಳು. ಮುಖ ಮುಚ್ಚಿಕೊಂಡು ಕೂರುವ ನೈದಿಲೆಯನ್ನು ಹುಟ್ಟುಹಬ್ಬಕ್ಕೆ ಕೊಡುವುದು ಹೇಗೆಂದು ಅದನ್ನು ತೆಗೆದು ಸೂರ್ಯಕಾಂತಿ ಹಾಕಿದಳು. ಗ್ಲಾಡಿಯೋಲಸ್ಸಿನ ಮೇಲಿನ ಮೊಗ್ಗು ಅರಳುವ ಮೊದಲೇ ಕೆಳಗಿನ ಹೂವು ಬಾಡುತ್ತಿತ್ತು. ಗಟ್ಟಿ ಗುಣವೆಂದರೆ ಇಷ್ಟೇನಾ ಎಂದು ಮೂಗು ಮುರಿದು, ಆ ಜಾಗದಲ್ಲಿ ಕೋಳಿಜುಟ್ಟು ಹೂವನ್ನು ಕೂರಿಸಿದಳು.

ಹುಂಜದ ನೆತ್ತಿಯ ಜುಟ್ಟಿನ ಹಾಗೆಯೇ ಸುಕ್ಕುಸುಕ್ಕಾದ, ಮಖಮಲ್ಲಿನಂಥ ಕಡುಗೆಂಪು ಹೂವು ಅದು. ಚೆಲುವು ಅಷ್ಟಕ್ಕಷ್ಟೆ. ಆದರೆ ನೀರು ಹಾಕುವುದನ್ನು ಮರೆತು ಬಿಸಿಲಿಗೆ ಬಿಟ್ಟರೂ ಮಾರನೆಯ ದಿನ ಹಾಗೇ ನಿಂತಿರುತ್ತದೆ.

ಅರ್ಥಗಳನ್ನು ಅವಳು ಕ್ಯಾಲೆಂಡರಿನವರಿಗೇ ಬಿಟ್ಟುಕೊಟ್ಟು ತನ್ನವನ್ನು ತಾನೇ ಮಾಡಿಕೊಂಡಳು. ಅತ್ತೆಗೆಂದು ಸೂರ್ಯಕಾಂತಿ ಕೊಳ್ಳಲು ಬಂದ ಸೊಸೆಗೆ, ಮನೆಯವರೆಲ್ಲರ ಮೇಲೂ ಕಣ್ಣಿಟ್ಟಿರುವವರ ಹೂವು ಇದು ಎಂದಳು. ಮೇಲಧಿಕಾರಿಗೆಂದು ಅದನ್ನೇ ಕೇಳಿದ ಗುಮಾಸ್ತನಿಗೆ, ಮೇಲಿರುವವರ ಕಡೆಗೇ ಸದಾ ಮುಖ ತಿರುಗಿಸಿಕೊಂಡಿರುವವರ ಹೂವು ಎಂದಳು. ಅವನು ಒಂದು ಕ್ಷಣ ಯೋಚಿಸಿ ಇನ್ನೂ ಎರಡು ಕೊಂಡ. ಅವಳಿಗಿದ್ದದ್ದು ಒಂದೇ ಕಟ್ಟುಪಾಡು: ಒಂದು ಮನೆಯ ಇಬ್ಬರಿಗೆ ಒಂದೇ ಹೂವಿಗೆ ಬೇರೆ ಬೇರೆ ಅರ್ಥ ಹೇಳಬಾರದು. ಮನೆ ಬೇರೆಯಾದರೆ ಏನು ಹೇಳಿದರೂ ನಡೆಯುತ್ತಿತ್ತು.

ಎದುರು ಸಾಲಿನಲ್ಲಿ ಕನ್ನಡಕದಂಗಡಿ ಇದೆ. ಅದನ್ನು ಒಬ್ಬಳೇ ನಡೆಸುವಾಕೆ ಬೀದಿಯವರಿಗೆಲ್ಲ ಕನ್ನಡಕದ ಮೇಡಂ. ಕಣ್ಣು ಪರೀಕ್ಷೆಯನ್ನೂ ತಾನೇ ಮಾಡುತ್ತಾಳೆ. ಮೂಗಿನ ಮೇಲಿನ ಚೌಕಟ್ಟಿಗೆ ಒಂದಾದ ಮೇಲೊಂದು ಗಾಜು ಸಿಕ್ಕಿಸಿ, ಮೊದಲನೆಯದು ಸ್ಪಷ್ಟವೋ ಎರಡನೆಯದೋ ಎಂದು ತಣ್ಣಗೆ ಕೇಳುವ ಅವಳ ದನಿಯ ಮುಂದೆ ಸುಳ್ಳು ಹೇಳಿ ಗೆದ್ದವರಿಲ್ಲ. ಫ್ರೇಮ್ ಕಂಪನಿಯ ಪ್ರತಿನಿಧಿಯೊಬ್ಬ ಅಲ್ಲಿಗೆ ಬಂದು ಹೋಗುತ್ತಿದ್ದ. ಹೊಸ ಫ್ರೇಮುಗಳನ್ನೆಲ್ಲ ತನ್ನ ಮುಖಕ್ಕೇ ಹಾಕಿಕೊಂಡು, ಅವಳ ಕನ್ನಡಿಯ ಮುಂದೆ ತಲೆ ಬಾಚಿಕೊಂಡು, ತನಗೆ ಒಪ್ಪದ ಫ್ರೇಮೇ ಇಲ್ಲವಲ್ಲ ಎಂದು ಬೇಸರಪಡುತ್ತಿದ್ದ. ಈ ಬೇಸಿಗೆಯಲ್ಲಿ ಅವನ ಹುಟ್ಟುಹಬ್ಬ ಬಂತು. ಏನಾದರೂ ಕೊಡಲೇಬೇಕು, ಆದರೆ ಕೊಟ್ಟದ್ದು ನಾಟಬೇಕು ಎಂದು ಮೇಡಂ ಹೂವಕ್ಕನ ಹತ್ತಿರ ಬಂದಳು.

‘ತಗೊಳಿ ಕೋಳಿಜುಟ್ಟು,’ ಎಂದಳು ಹೂವಕ್ಕ. ‘ಈ ತಿಂಗಳಲ್ಲಿ ಹುಟ್ಟಿದವರಿಗೆ ಇದನ್ನ ಕೊಟ್ರೆ, ನಿನ್ನ ಜಂಭ ಸಾಕು ಕೆಳಗಿಳಿ ಅಂತ ಅರ್ಥ.’

ಪ್ರತಿನಿಧಿ ಅದನ್ನು ಜೇಬಿಗೆ ಸಿಕ್ಕಿಸಿಕೊಂಡು ಕನ್ನಡಿ ನೋಡಿ ಹೋದನಂತೆ. ಮೇಡಂ ಅವತ್ತೆಲ್ಲ ಒಬ್ಬಳೇ ನಕ್ಕಿದ್ದಳು.

ಹೂವಕ್ಕನಿಗೆ ಒಬ್ಬನೇ ತಮ್ಮ. ಬಸ್ ನಿಲ್ದಾಣದ ಮಗ್ಗುಲಲ್ಲಿ ಬೀಗ ರಿಪೇರಿಯ ಗೂಡಂಗಡಿ ಇಟ್ಟುಕೊಂಡಿದ್ದಾನೆ. ನಲವತ್ತು ದಾಟಿದೆ, ಮದುವೆಯಾಗಿಲ್ಲ. ಊಟ, ನಿದ್ದೆ ಅಕ್ಕನ ಮನೆಯಲ್ಲೇ. ಬಿಚ್ಚಿದ ಬೀಗಗಳು ಅವಳ ಊಟದ ಮೇಜಿನ ಮೇಲೆ. ತಟ್ಟೆಯಲ್ಲಿ ಸ್ಪ್ರಿಂಗು ಸಿಕ್ಕ ದಿನ ಅವಳ ಗಂಡ ಅದನ್ನು ಒರೆಸಿ ಪಕ್ಕಕ್ಕಿಟ್ಟು ಊಟ ಮುಂದುವರಿಸಿದ. ಆ ಬೀಗಗಳಲ್ಲಿ ಕನ್ನಡಕದಂಗಡಿಯ ಶೋಕೇಸಿನದೂ ಒಂದು. ಅದು ಪದೇ ಪದೇ ಬರುತ್ತಿತ್ತು. ತಮ್ಮ ಅದನ್ನು ಬಿಚ್ಚಿದಾಗಲೆಲ್ಲ ಒಳಗೆ ಏನಾದರೊಂದು ಸಿಕ್ಕುತ್ತಿತ್ತು. ಒಮ್ಮೆ ಮುರಿದ ಕಡ್ಡಿ, ಒಮ್ಮೆ ಮೇಣ, ಹೋದ ವಾರ ಒಂದು ಪುಟ್ಟ ಸ್ಕ್ರೂ. ಬೀದಿಯ ಮಕ್ಕಳ ಕಿತಾಪತಿ ಎಂದು ಅವನು ತಲೆ ಅಲ್ಲಾಡಿಸಿ ಎಣ್ಣೆ ಬಿಡುತ್ತಿದ್ದ.

ಅವನಿಗೊಂದು ಜೊತೆ ಹುಡುಕಲು ಹೂವಕ್ಕ ಪಡದ ಪಾಡಿಲ್ಲ. ಕರೆದುಕೊಂಡು ಹೋದ ಮನೆಗಳಲ್ಲೆಲ್ಲ ಅವನು ಸುಮ್ಮನೆ ಕೂತು, ಕೊನೆಗೆ ಬಾಗಿಲ ಚಿಲಕ ಚೆನ್ನಾಗಿದೆ ಎಂದು ಹೊಗಳಿ ಎದ್ದು ಬಂದಿದ್ದ. ಬಾಯಿಗೇ ಬೀಗ ಹಾಕಿ ಕೀಲಿ ಕಳೆದುಕೊಂಡವನು ಎಂದು ಅವಳು ಕೈಚೆಲ್ಲಿದ್ದಳು. ಅಂಥವನು ಒಂದು ಬೆಳಿಗ್ಗೆ, ಬಾಚಿದ ತಲೆಯಲ್ಲಿ, ಗಿರಾಕಿಯ ಹಾಗೆ ಬಂದು ಅಂಗಡಿಯ ಮುಂದೆ ನಿಂತ.

‘ಅಕ್ಕ, ಈ ತಿಂಗಳಲ್ಲಿ ಹುಟ್ಟಿದವರಿಗೆ ಯಾವ ಹೂವು?’

ಕತ್ತರಿ ನಿಂತಿತು. ‘ಯಾರಿಗಪ್ಪಾ?’

‘ಒಬ್ಬರಿಗೆ.’

‘ಗಂಡಸಿಗೋ ಹೆಂಗಸಿಗೋ?’

ಅವನ ಕಿವಿಯ ತುದಿ ಕೋಳಿಜುಟ್ಟಿಗಿಂತ ಕೆಂಪಾಯಿತು. ಹೂವಕ್ಕ ಬ್ಯಾಂಕಿನ ಕೌಂಟರಿನಿಂದ ಔಷಧಿ ಅಂಗಡಿಯ ತನಕ ಬೀದಿಯ ಒಂಟಿ ಹೆಂಗಸರ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ, ಇವಳಾ ಎಂದು ಅವನನ್ನು ಕೇಳಿ ನೋಡಿದಳು. ಅವನು ಬಾಯಿ ಬಿಡಲಿಲ್ಲ. ಹೆಚ್ಚು ಕೆದಕಿದರೆ ಹೂವೇ ಬೇಡವೆಂದು ಹೋದಾನು ಎಂದು ಹೆದರಿ ಅವಳೇ ಸುಮ್ಮನಾದಳು. ಐಸು ಪೆಟ್ಟಿಗೆಯ ಪಕ್ಕದಿಂದ ಎಲ್ಲಕ್ಕಿಂತ ದೊಡ್ಡ, ಜೋಡಿ ಮಡಿಕೆಯ ಹೂವನ್ನು ಆರಿಸಿ ತೆಳುಕಾಗದದಲ್ಲಿ ಸುತ್ತಿದಳು. ಈ ಸಲ ಅರ್ಥಕ್ಕಾಗಿ ಅವನ ಮುಖ ಓದುವ ಅಗತ್ಯ ಬೀಳಲಿಲ್ಲ.

‘ನೋಡು, ಆಕಾರ ನೋಡು. ಇದು ಕಿರೀಟ ಕಣೋ. ನನ್ನ ಮನೆಗೆ ನೀವೇ ಕಿರೀಟ ಅಂತ ಇದರ ಅರ್ಥ. ಹೂವು ಕೊಟ್ಟು ಇಷ್ಟು ಹೇಳು, ಸಾಕು.’

‘ಹೇಳಲೂ ಬೇಕಾ?’

‘ಬೇಡ ಬಿಡು, ಹೂವೇ ಹೇಳುತ್ತೆ. ಈ ಬೀದೀಲಿ ಹೂವಿನ ಅರ್ಥ ಗೊತ್ತಿಲ್ಲದವರು ಯಾರಿದಾರೆ?’

ಅವನು ಹೋದ ಮೇಲೆ ಅವಳ ಕೈಗೆ ಕೆಲಸವೇ ಹತ್ತಲಿಲ್ಲ. ಇದೊಂದು ಕುದುರಿದರೆ ಅವನಿಗೊಂದು ಮನೆಯಾಗುತ್ತದೆ, ತನಗೊಂದು ಮೇಜಾಗುತ್ತದೆ ಎಂದು ಲೆಕ್ಕ ಹಾಕುತ್ತಾ ಕೂತಳು.

ಮಧ್ಯಾಹ್ನ ಟೈಲರ್ ಬಂದ. ಅವನ ಹೆಂಡತಿ ಹುಟ್ಟಿದ್ದೂ ಅದೇ ತಿಂಗಳಲ್ಲಿ. ಈ ಟೈಲರನ ಕಿವಿಗೆ ಬಿದ್ದ ಮಾತು ಅಳತೆ ಕೊಡಲು ಬಂದವರಿಗೆಲ್ಲ ತಲುಪುತ್ತದೆ, ಅದೂ ಒಂದಿಷ್ಟು ಉದ್ದವಾಗಿ. ಹೂವಕ್ಕ ಕಾಂಡ ಕತ್ತರಿಸುತ್ತಾ ಅವನ ಮುಖ ಓದುತ್ತಿದ್ದಾಗ ಕನ್ನಡಕದ ಮೇಡಂ ರಸ್ತೆ ದಾಟಿ ಬಂದು, ಕೈಯಲ್ಲಿದ್ದುದನ್ನು ಕಟ್ಟೆಯ ಮೇಲೆ ಇಟ್ಟಳು. ಜೋಡಿ ಮಡಿಕೆಯ ಕೋಳಿಜುಟ್ಟು. ಕಾಗದವೂ ಬೆಳಗಿನದೇ.



‘ನನಗೆ ಜಂಭ ಅಂತ ನಿಮ್ಮ ತಮ್ಮನಿಗೆ ಯಾರು ಹೇಳಿದ್ದು, ಅಕ್ಕಾ?’

ಇವತ್ತು ತನ್ನ ಹುಟ್ಟುಹಬ್ಬ ಎಂದು ಮೇಡಂ ಹೇಳಿದಳು. ಬೆಳಿಗ್ಗೆ ಆ ತಮ್ಮ ಬಂದು ಹೂವನ್ನು ಮೇಜಿನ ಮೇಲಿಟ್ಟನಂತೆ. ಇದರ ಅರ್ಥ ನಿಮಗೆ ಗೊತ್ತಿರುತ್ತೆ ಎಂದ. ತಿರುಗಿ ಓಡುವಾಗ ಗಾಜಿನ ಬಾಗಿಲಿಗೆ ಹಣೆ ಚಚ್ಚಿಕೊಂಡ. ಅರ್ಥ ತನಗೆ ಚೆನ್ನಾಗಿಯೇ ಗೊತ್ತಿದೆ, ಇದೇ ಕಟ್ಟೆಯ ಮುಂದೆ ನಿಂತು ಕೇಳಿದ್ದೇನೆ ಎಂದು ಅವಳು ಮುಗಿಸಿದಳು. ಅವಳ ಮಾತು ಜೋರಿರಲಿಲ್ಲ. ಕೆಳತುಟಿ ಮಾತ್ರ ಸ್ವಲ್ಪ ಬಿಗಿದಿತ್ತು, ಅದನ್ನು ಓದುವುದು ಹೂವಕ್ಕನಿಗೆ ಕಷ್ಟವಾಗಲಿಲ್ಲ. ಇದು ಸಿಟ್ಟು ಮಾತ್ರವಲ್ಲ, ನೋವು. ಬೇಡದವನ ಹೂವಾದರೆ ಯಾರೂ ಇಷ್ಟು ನೊಂದುಕೊಳ್ಳುವುದಿಲ್ಲ.

ಹೂವಕ್ಕ ನುಣುಚಿಕೊಳ್ಳಲು ನೋಡಿದಳು. ಬೆಳಿಗ್ಗೆ ಕೊಟ್ಟರೆ ಅರ್ಥ ಬೇರೆ, ಮಧ್ಯಾಹ್ನ ಕೊಟ್ಟರೆ ಬೇರೆ ಎಂದಳು. ಪ್ರತಿನಿಧಿಗೆ ಕೊಟ್ಟದ್ದೂ ಬೆಳಿಗ್ಗೆಯೇ ಎಂದಳು ಮೇಡಂ. ಜೋಡಿ ಮಡಿಕೆಯದಾದರೆ ಬೇರೆ ಎಂದಳು ಹೂವಕ್ಕ. ಹಾಗೆಂದು ಅವತ್ತು ಹೇಳಲಿಲ್ಲವಲ್ಲ ಎಂದಳು ಮೇಡಂ. ಗಂಡಸು ಹೆಂಗಸಿಗೆ ಕೊಟ್ಟರೆ ತಿರುಗಾಮುರುಗಾ ಆಗುತ್ತದೆ ಎಂದು ಹೂವಕ್ಕ ಹೊಸದೊಂದು ತೆಗೆದಾಗ, ಹೋದ ವರ್ಷ ಹೆಂಡತಿಗೆ ಇದನ್ನೇ ಕೊಂಡಿದ್ದ ಟೈಲರನ ಕಿವಿ ನೆಟ್ಟಗಾಯಿತು.

ಮೇಡಂ ಹೂವನ್ನು ಅವಳ ಕಣ್ಣ ಮುಂದೆ ಹಿಡಿದಳು. ‘ನಿಧಾನವಾಗಿ ನೋಡಿ ಹೇಳಿ. ಜಂಭ ಇಳಿಸು ಅನ್ನೋದು ಸ್ಪಷ್ಟಾನಾ, ಇಲ್ಲ ನಿಮ್ಮ ತಮ್ಮನಿಗೆ ಹೇಳಿ ಕಳಿಸಿದ್ದು ಸ್ಪಷ್ಟಾನಾ?’

ಹೂವಕ್ಕ ಟೈಲರ್ ಕಡೆ ನೋಡಿದಳು. ಅವನು ಕೊರಳಿನ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಸತ್ಯ ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ, ಬೇಸಿಗೆಯ ವ್ಯಾಪಾರ ನೆಲ ಕಚ್ಚುತ್ತದೆ. ಹೇಳದಿದ್ದರೆ ತಮ್ಮ ಮುಂದೆಂದೂ ಯಾರ ಬಾಗಿಲಿಗೂ ಹೂವು ಹಿಡಿದು ಹೋಗುವುದಿಲ್ಲ. ಅವಳು ಕತ್ತರಿ ಕೆಳಗಿಟ್ಟು ಕೈ ಒರೆಸಿಕೊಂಡಳು.

‘ಎರಡೂ ಇಲ್ಲ. ಅರ್ಥ ಅನ್ನೋದೇ ಇಲ್ಲ. ಇಷ್ಟು ವರ್ಷ ಹೇಳಿದ್ದೆಲ್ಲ ನಾನೇ ಬಿಟ್ಟ ರೈಲು. ಈ ಹೂವಿನ ವಿಷಯದಲ್ಲಿ ನನಗೆ ನಿಜವಾಗಿ ಗೊತ್ತಿರೋದು ಒಂದೇ. ಇಂಥ ಬಿಸಿಲಲ್ಲೂ ಬಾಡಲ್ಲ.’

ಮೇಡಂ ಹೂವನ್ನು ಮತ್ತೆ ಕಟ್ಟೆಯ ಮೇಲಿಟ್ಟು, ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸತೊಡಗಿದಳು. ಅದು ಮೊದಲೇ ಚೊಕ್ಕಟವಾಗಿತ್ತು. ‘ಅವರಿಗೆ ಏನಂತ ಹೇಳಿ ಕಳಿಸಿದ್ರಿ?’

‘ನನ್ನ ಮನೆಗೆ ನೀವೇ ಕಿರೀಟ, ಅಂತ.’

ಒರೆಸುವುದು ಇನ್ನಷ್ಟು ಹೊತ್ತು ನಡೆಯಿತು. ‘ಅವರಿಗೆ ಮನೆ ಇದೆಯಾ?’

‘ಇಲ್ಲ. ನನ್ನ ಊಟದ ಮೇಜಿದೆ.’

ಟೈಲರನಿಗೆ ಇನ್ನು ತಡೆಯಲಾಗಲಿಲ್ಲ. ಇದೆಲ್ಲ ರೈಲು ಎಂದು ತನಗೆ ಮೊದಲ ವರ್ಷವೇ ಗೊತ್ತಾಗಿತ್ತು, ತಾನು ಗಿರಾಕಿಗೆ ನಾಳೆ ಬಟ್ಟೆ ರೆಡಿ ಎನ್ನುವಾಗಿನ ಮುಖವೇ ಅವಳಿಗೂ ಬರುತ್ತದೆ ಎಂದ. ‘ಅದಿರಲಿ, ನಮ್ಮನೆಯವಳಿಗೆ ಬೇಗ ಒಂದು ಅರ್ಥ ಕಟ್ಟಿಕೊಡು ತಾಯಿ. ಹೋದ ವರ್ಷದ್ದು ಸ್ವಲ್ಪ ಸಪ್ಪೆಯಾಯ್ತು. ಆ ಕಿರೀಟ ಬೇರೆಯವರಿಗೂ ಕೊಡ್ತೀಯಾ?’

‘ಕೊಡಲ್ಲ,’ ಎಂದಳು ಮೇಡಂ. ಕಟ್ಟೆಯ ಮೇಲಿದ್ದ ಹೂವನ್ನು ಎತ್ತಿಕೊಂಡಳು. ಎರಡು ಹೆಜ್ಜೆ ಹೋಗಿ, ಏನೋ ಮರೆತವಳಂತೆ ತಿರುಗಿದಳು. ‘ಶೋಕೇಸಿನ ಬೀಗ ಮತ್ತೆ ಕೆಟ್ಟಿದೆ ಅಂತ ಅವರಿಗೆ ಹೇಳಿಬಿಡಿ ಅಕ್ಕಾ.’

‘ಹೋದ ವಾರ ತಾನೆ ರಿಪೇರಿ ಆಗಿದ್ದು?’

‘ಹೂಂ. ಒಳಗೆ ಸ್ಕ್ರೂ ತುರುಕಿದ್ರೆ ಯಾವ ಬೀಗ ತಾನೆ ಕೆಡಲ್ಲ?’

ಬೀದಿಯ ಮುಖಗಳನ್ನೆಲ್ಲ ಓದುವ ಹೂವಕ್ಕನಿಗೆ, ತನ್ನ ಊಟದ ಮೇಜಿನ ಮೇಲೆ ಎಷ್ಟೋ ಸಲ ಬಂದು ಬಿದ್ದಿದ್ದ ಆ ಬೀಗವನ್ನು ಓದಲಾಗಿರಲಿಲ್ಲ. ಟೈಲರನ ಹೆಂಡತಿಗೆ ‘ಎಷ್ಟು ತೊಳೆದರೂ ಬಣ್ಣ ಬಿಡದವಳು’ ಎಂಬ ಅರ್ಥ ಕಟ್ಟಿಕೊಟ್ಟು, ಅಂಗಡಿ ನೋಡಿಕೊಳ್ಳಲು ಅವನಿಗೇ ಹೇಳಿ, ಅವಳು ಬಸ್ ನಿಲ್ದಾಣಕ್ಕೆ ಹೊರಟಳು.

ತಮ್ಮ ಗೂಡಂಗಡಿಯಲ್ಲಿ ಬಗ್ಗಿ ಕೂತು, ಯಾವ ಬೀಗಕ್ಕೂ ಆಗದಷ್ಟು ಸವೆದ ಕೀಲಿಯೊಂದನ್ನು ಇನ್ನೂ ಅರದಿಂದ ಉಜ್ಜುತ್ತಿದ್ದ. ಹಣೆಯ ಮೇಲೆ ಬಾಗಿಲ ಗುರುತಿತ್ತು. ಅವಳು ಬೀಗದ ಸುದ್ದಿ ಮಾತ್ರ ಹೇಳಿದಳು.

‘ಆ ಬೀಗದಲ್ಲಿ ದೋಷಾನೇ ಇಲ್ಲ ಅಕ್ಕ,’ ಎಂದ ಅವನು ತಲೆಯೆತ್ತದೆ. ‘ಅದು ಯಾಕೆ ಕೆಡುತ್ತೆ ಅಂತ ನನಗೆ ಅರ್ಥಾನೇ ಆಗ್ತಿಲ್ಲ.’

ಅರ್ಥ ಹೂವಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ‘ನನ್ನ ಕೇಳಬೇಡ. ಬೀಗ ಯಾರದೋ ಅವರನ್ನೇ ಹೋಗಿ ಕೇಳು.’

ಅವನು ಸ್ವಲ್ಪ ಹೊತ್ತು ಅವಳ ಮುಖ ನೋಡಿದ. ಆಮೇಲೆ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು, ಕೈಯಿಂದಲೇ ತಲೆ ಬಾಚಿಕೊಂಡು ರಸ್ತೆಗಿಳಿದ. ಅವನು ಮೂಲೆ ತಿರುಗುವ ಮೊದಲು ಅವಳು ಹಿಂದಿನಿಂದ ಕೂಗಿ ಹೇಳಿದಳು:

‘ಚಿಲಕ ಚೆನ್ನಾಗಿದೆ ಅನ್ನಬೇಡ ಮಾರಾಯ.’