ಪಾನಾ ಪೆಟ್ಟಿಗೆಯ ಎರಡು ಬೆಲೆ

ನನ್ನ ಬಳಿ ಇರುವ ಯಾವ ವಸ್ತುವಿಗೂ ಒಂದೇ ಬೆಲೆ ಇಲ್ಲ. ಅಂಗಡಿಯಲ್ಲಿ ಕೊಟ್ಟದ್ದು ಒಂದು, ಮನೆಗೆ ಬಂದು ಹೇಳಿದ್ದು ಇನ್ನೊಂದು. ಇದನ್ನು ಸುಳ್ಳು ಎಂದು ಕರೆಯಲು ನನಗೆ ಮನಸ್ಸಿಲ್ಲ. ಒಂದೇ ಜಮೀನಿಗೆ ಕಾಗದದಲ್ಲಿ ಒಂದು ಬೆಲೆ, ಕೈಯಲ್ಲಿ ಇನ್ನೊಂದು ಬೆಲೆ ಇರುವುದನ್ನು ಲೋಕವೆಲ್ಲ ಒಪ್ಪಿಕೊಂಡು ನಡೆದಿದೆ. ಅದೇ ಪದ್ಧತಿಯನ್ನು ನಾನು ಸಣ್ಣ ಪ್ರಮಾಣದಲ್ಲಿ ಸಂಸಾರಕ್ಕೆ ಅಳವಡಿಸಿಕೊಂಡಿದ್ದೆ, ಅಷ್ಟೆ. ಮದುವೆಯಾದ ಗಂಡಸರು ಇದನ್ನು ಓದುತ್ತಿದ್ದರೆ ಸುಮ್ಮನೆ ಮುಂದಕ್ಕೆ ಓದಲಿ, ತಲೆ ಅಲ್ಲಾಡಿಸುವುದು ಬೇಡ. ಪಕ್ಕದಲ್ಲಿ ಯಾರು ಕೂತಿದ್ದಾರೋ ಏನೋ.

ಹೈದರಾಬಾದಿನಲ್ಲಿ ಸಾಫ್ಟ್‌ವೇರಿನವರ ಸಂಬಳ ಅವರಿಗೇ ಗಾಬರಿ ಹುಟ್ಟಿಸುವಷ್ಟು ಏರುತ್ತಿದ್ದ ಕಾಲ ಅದು. ಕೂಕಟ್‌ಪಲ್ಲಿಯ ಬಾಡಿಗೆ ಮನೆಯಿಂದ ಗಚ್ಚಿಬೌಲಿಗೆ ಹೋಗಿ, ದಿನವಿಡೀ ಪರದೆಯ ಮುಂದೆ ಕೂತು, ಸಂಜೆ ಬರುವಾಗ ಇವತ್ತು ನಾನು ಮಾಡಿದ್ದೇನು ಎಂದು ಕೈ ನೋಡಿಕೊಂಡರೆ ಕೈ ಸ್ವಚ್ಛವಾಗಿರುತ್ತಿತ್ತು. ನಮ್ಮ ಮನೆತನ ಮೂರು ತಲೆಮಾರಿನಿಂದ ಈ ಊರಿನ ಕಚೇರಿಗಳಲ್ಲಿ ಕಾಗದ ತಿರುವಿಯೇ ಬದುಕಿದ್ದು. ಎಣ್ಣೆ, ಗ್ರೀಸು ಹತ್ತಿಸಿಕೊಂಡ ಕೈ ಒಂದೂ ಇಲ್ಲ. ಆ ಕೊರತೆಯನ್ನು ನಾನೇ ನೀಗಬೇಕು ಅನ್ನಿಸಿತು. ಆಗಷ್ಟೇ ಒಂದು ಹಳೆಯ ಕಾರು ಕೊಂಡಿದ್ದೆ. ಅದನ್ನು ನಾನೇ ಬಿಚ್ಚಿ ನಾನೇ ಜೋಡಿಸುವ ಹುಕಿ ಹುಟ್ಟಿತು. ಯಂತ್ರದ ಸಾಮಾನು ಮಾರುವ ರಾಣಿಗಂಜಿಗೆ ಹೋಗಿ ಪರದೇಶದ ಉಪಕರಣಗಳ ಒಂದು ಪೂರಾ ಸೆಟ್ಟು ಎತ್ತಿಕೊಂಡು ಬಂದೆ. ಅಳತೆವಾರು ಪಾನಾಗಳು ಅಂದರೆ ಸ್ಪ್ಯಾನರುಗಳು, ಬೋಲ್ಟಿನ ತಲೆಗೆ ಟೋಪಿಯಂತೆ ಕೂರುವ ಗೋಟಿಗಳು, ಅವನ್ನು ತಿರುವುವ ಹಿಡಿಕೆಗಳು, ಜೊತೆಗೆ ಬೋಲ್ಟು ಎಷ್ಟು ಬಿಗಿಯಾಗಬೇಕೋ ಅಷ್ಟಾದ ಕೂಡಲೇ ಟಕ್ ಎಂದು ಹೇಳುವ ಒಂದು ಉದ್ದನೆಯ ಟಾರ್ಕ್ ಪಾನಾ. ಎಲ್ಲ ಸೇರಿ ಹನ್ನೆರಡೂವರೆ ಸಾವಿರ.

"ಎಷ್ಟಾತು?" ಎಂದಳು ನನ್ನ ಹೆಂಡತಿ ಸುಧಾ.

"ನಾಲ್ಕು ಸಾವಿರ."

"ನಾಲ್ಕs?" ಎಂದಳು. ನಾಲ್ಕಕ್ಕೇ ಆ ಮುಖವಾದರೆ ಹನ್ನೆರಡೂವರೆಗೆ ಎಂಥ ಮುಖವಾಗುತ್ತಿತ್ತೋ ಎಂದು ನಾನು ನನ್ನ ಜಾಣತನವನ್ನು ಮೆಚ್ಚಿಕೊಂಡೆ.

ಆ ಪೆಟ್ಟಿಗೆಯನ್ನು ನಾನು ಬಳಸಿದ್ದು ಒಂದೇ ಸಲ. ಒಂದು ಭಾನುವಾರ ಗಾಲಿ ಬಿಚ್ಚಿದೆ. ಅದನ್ನು ಹಾಕುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಮರುದಿನ ಕಾರು ಒಂದು ಕಡೆಗೆ ವಾಲುತ್ತಿದೆ ಅನ್ನಿಸಿ, ರಸ್ತೆ ಬದಿಯ ಮೆಕ್ಯಾನಿಕನಿಗೆ ಇಪ್ಪತ್ತು ರೂಪಾಯಿ ಕೊಟ್ಟು ಸರಿಮಾಡಿಸಿದೆ. ಅಲ್ಲಿಂದ ಮುಂದೆ ಪೆಟ್ಟಿಗೆ ದಿವಾನದ ಕೆಳಗೆ ಮಲ್‌ಮಲ್ ಬಟ್ಟೆ ಹೊದ್ದು ಮಲಗಿತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಬಂದು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ನಿಂಬೆಹಣ್ಣು ನೋಡಿ ಮತ್ತೆ ಒಳಗೆ ಹೋಗುತ್ತಿತ್ತು. ಹೀಗೆ ಐದು ವರ್ಷ.

ಆಮೇಲೆ ಗಚ್ಚಿಬೌಲಿಯಲ್ಲಿ ಸ್ವಂತ ಫ್ಲ್ಯಾಟು ಆಯಿತು. ಸಾಮಾನು ಕಟ್ಟುವಾಗ ಸುಧಾ ಪೆಟ್ಟಿಗೆಯನ್ನು ಕಾಲಿನಿಂದ ನೂಕಿ ನೋಡಿದಳು. ಅದು ಅಲ್ಲಾಡಲಿಲ್ಲ. "ಇದನ್ನ ಹೊಸಾ ಮನಿಗೆ ಹೊರೂದು ಬ್ಯಾಡ. ಈಗ ಕಂಪ್ಯೂಟರ್‌ನ್ಯಾಗ ಎಲ್ಲಾ ಮಾರತಾರಲ್ಲ, ಹಾಕ್ರಿ. ನಾಲ್ಕಕ್ಕ ತಂದದ್ದು, ಎರಡೂವರೆ ಬಂದ್ರ ಭಾಳಾತು."

ಇಲ್ಲಿಂದ ನನ್ನ ಸಂಕಟ ಶುರುವಾಯಿತು. ಹಳೆಯ ಸಾಮಾನಿಗೆ ನ್ಯಾಯವಾದ ಬೆಲೆ ಹೇಗೆ ಗೊತ್ತುಮಾಡುವುದು ಎಂದು ನಾನು ಎರಡು ದಿನ ಆಫೀಸಿನ ಕೆಲಸ ಬಿಟ್ಟು ಅಧ್ಯಯನ ಮಾಡಿದೆ. ಕೊಂಡ ಬೆಲೆ, ಕಳೆದ ವರ್ಷ, ಸವೆತ ಎಲ್ಲವನ್ನೂ ಪಟ್ಟಿಮಾಡಿ ಕೂಡಿ ಕಳೆದಾಗ ಎಂಟು ಸಾವಿರದ ಮುನ್ನೂರ ಎಪ್ಪತ್ತೈದು ಎಂದು ಬಂತು. ಕೊನೆಯ ಆ ಎಪ್ಪತ್ತೈದನ್ನು ನೋಡಿ ನನಗೆ ಬಹಳ ಭರವಸೆ ಬಂತು. ಸುಳ್ಳು ಲೆಕ್ಕವಾಗಿದ್ದರೆ ದುಂಡಗೆ ಬರುತ್ತಿತ್ತಲ್ಲವೇ? ಆಮೇಲೆ ಅದನ್ನು ನಾನೇ ಎಂಟೂವರೆ ಎಂದು ದುಂಡಗೆ ಮಾಡಿ, ಫೋಟೋ ತೆಗೆದು, "ಐದು ವರ್ಷ ಹಳೆಯದು, ಮಾಲೀಕರು ಸ್ವತಃ ಬಳಸಿದ್ದು" ಎಂದು ಬರೆದು ಜಾಲತಾಣಕ್ಕೆ ಏರಿಸಿದೆ. ಸುಧಾಳಿಗೆ "ಹಾಕಿದೀನಿ" ಎಂದಷ್ಟೇ ಹೇಳಿದೆ. ಎಷ್ಟಕ್ಕೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಕಡೆಯ ದನದ ಪೇಟೆಯಲ್ಲಿ ವ್ಯಾಪಾರ ಮಾಡುವವರು ಕೈಮೇಲೆ ಟವೆಲು ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಗೊತ್ತಾಗುವುದು ಇಬ್ಬರಿಗೇ. ಚಿಕ್ಕಂದಿನಲ್ಲಿ ರಜೆಗೆ ಊರಿಗೆ ಹೋದಾಗ ಅದನ್ನು ಕಂಡು ನಗುತ್ತಿದ್ದೆ. ಈಗ ನೋಡಿದರೆ ಎಷ್ಟು ಮರ್ಯಾದೆಯ ಪದ್ಧತಿ ಅದು. ಈ ಜಾಲತಾಣದಲ್ಲಿ ಟವೆಲೇ ಇಲ್ಲ. ಹಾಕಿದ ಬೆಲೆ ಊರಿಗೆಲ್ಲ ಕಾಣುತ್ತದೆ. ಒಂದು ದಿನ ಅದು ಸುಧಾಳಿಗೂ ಕಾಣಬಹುದು ಎಂಬ ಯೋಚನೆ ಬಂದಾಗಲೆಲ್ಲ ಐನೂರು ಇಳಿಸುತ್ತಿದ್ದೆ. ಮರುದಿನ ಜೀವ ತಡೆಯದೆ ಮತ್ತೆ ಏರಿಸುತ್ತಿದ್ದೆ.

ಫೋನುಗಳು ಬಂದವು. "ಆಖ್ರೀ ಕಿತ್ನಾ ಭಾಯ್?" ಎಂದು ಕೊನೆಯ ಬೆಲೆ ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಡುವವರೇ ಹೆಚ್ಚು. ಒಬ್ಬ ಮಹಾಶಯ ಪೆಟ್ಟಿಗೆ ಬೇಡ, ಅದರ ಮೇಲೆ ಹೊದಿಸಿದ ಬಟ್ಟೆ ಎಲ್ಲಿ ಸಿಕ್ಕಿತು ಎಂದು ವಿಚಾರಿಸಿದ. ಕೊನೆಗೊಂದು ಶನಿವಾರ ಒಬ್ಬಾತ ಹಿಂದಿಯಲ್ಲಿ ಮಾತಾಡುತ್ತಿದ್ದ. ನಾನು ನಡುವೆ, "ಸುಧಾ, ಮೂರು ಸೀಟಿ ಆತು, ಗ್ಯಾಸ್ ಬಂದ್ ಮಾಡು" ಎಂದು ಕೂಗಿದ್ದು ಆತನಿಗೆ ಕೇಳಿಸಿತು.

"ಸಾಹೇಬ್ರ, ನೀವು ನಮ್ಮ ಕಡೆಯವ್ರೇನ್ರಿ?" ಎಂದ. ಹೆಸರು ಶರಣಪ್ಪ, ಸೇಡಂ ಕಡೆಯವ. ಇಷ್ಟು ದಿನ ಬೇರೆಯವರ ಗ್ಯಾರೇಜಿನಲ್ಲಿ ದುಡಿದು, ಈಗ ಕೂಕಟ್‌ಪಲ್ಲಿಯಲ್ಲೇ ಸ್ವಂತದ್ದು ತೆರೆಯುತ್ತಿದ್ದಾನೆ. ನನಗೆ ಖುಷಿಯಾಯಿತು. ಆದರೆ ಬಾಯಿಗೆ ಬಂದದ್ದು ಬೇರೆ. "ನೀವು ಮ್ಯಾಲೆ ಬರಬ್ಯಾಡ್ರಿ. ಪೆಟ್ಟಿಗಿ ನಾನs ತರ್ತೀನಿ, ಪಾರ್ಕಿಂಗ್‌ನ್ಯಾಗ ಮುಗಸೋಣು" ಎಂದೆ.

"ಹಂಗಾಗಂಗಿಲ್ರಿ. ಮನಿ ನೋಡದ ನಾ ಮಾಲು ತಗೊಳ್ಳಂಗಿಲ್ಲ" ಎಂದ. ಹಿಂದೊಮ್ಮೆ ಹೀಗೇ ರಸ್ತೆಯಲ್ಲಿ ಜಾಕ್ ಕೊಂಡು, ಅದು ಕದ್ದ ಮಾಲಾಗಿ, ವಾರವೆಲ್ಲ ಠಾಣೆಗೆ ಅಲೆದಿದ್ದನಂತೆ.

ಭಾನುವಾರ ಬಂದ. ಸುಧಾ ಚಹಾ ಕೊಟ್ಟಳು. ಆತ ಗೋಡೆ ನೋಡಿದ, ದೇವರ ಮಾಡ ನೋಡಿದ, ನನ್ನನ್ನು ನೋಡಿದ. ಪೆಟ್ಟಿಗೆ ತೆರೆದು ಒಂದೊಂದೇ ಗೋಟಿ ಎತ್ತಿ ಒಳಗೆ ಬೆರಳಾಡಿಸಿದ. ಬೆರಳು ಕೆಂಪಗಾಯಿತು. "ಇದರಾಗ ಕುಂಕುಮ ಐತಿ, ಗ್ರೀಸ್ ಇಲ್ಲ. ಯಾರು ಬಳಸ್ಯಾರ್ರಿ ಇದನ್ನ?" ಎಂದ. ನಾನು ಕೆಮ್ಮಿದೆ. ಆತನ ಸಂಶಯ ಗಟ್ಟಿಯಾಗುತ್ತಿತ್ತು. ನನ್ನನ್ನು ಬಿಟ್ಟು ನೇರವಾಗಿ ಸುಧಾಳ ಕಡೆ ತಿರುಗಿದ. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಇದನ್ನ ಎಷ್ಟಕ್ಕ ತಂದದ್ರಿ?"

"ನಾಲ್ಕು ಸಾವಿರಕ್ಕ" ಎಂದಳು ಅವಳು ನಿಶ್ಚಿಂತೆಯಿಂದ.

ಶರಣಪ್ಪ ಗೋಟಿಯನ್ನು ಅದರ ಜಾಗದಲ್ಲಿ ಇಟ್ಟ. ಪೆಟ್ಟಿಗೆ ಮುಚ್ಚಿದ. ಅರ್ಧ ಕುಡಿದ ಚಹಾ ಬಿಟ್ಟು ಎದ್ದು ನಿಂತ. "ಹನ್ನೆರಡು ಸಾವಿರದ ಮಾಲು ನಾಲ್ಕಕ್ಕ ಬರಂಗಿಲ್ರಿ. ಬಂದ್ರ ಅದು ಹೆಂಗ ಬರತೈತಿ ಅಂತ ನನಗ ಗೊತ್ತೈತಿ. ನಂದು ಇನ್ನೂ ಬಾಗಿಲಾ ತೆರೀದ ಅಂಗಡಿ. ಬಿಡ್ರಿ."

ಸುಮ್ಮನಿದ್ದರೆ ಈತನ ಕಣ್ಣಲ್ಲಿ ನಾನು ಕಳ್ಳ, ಬಾಯಿ ಬಿಟ್ಟರೆ ಇವಳ ಕಣ್ಣಲ್ಲಿ ಸುಳ್ಳ. ಎರಡರಲ್ಲಿ ಯಾವುದು ಅಗ್ಗ ಎಂದು ಲೆಕ್ಕ ಹಾಕಲು ಪುರಸೊತ್ತಿರಲಿಲ್ಲ. ಆತ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ.

"ಹನ್ನೆರಡೂವರೆ ಕೊಟ್ಟೀನ್ರಿ" ಎಂದೆ. "ಆಕಿಗೆ ನಾಲ್ಕು ಅಂತ ಹೇಳಿದ್ದೆ."

ಶರಣಪ್ಪ ಒಂದು ಚಪ್ಪಲಿಯಲ್ಲೇ ನಿಂತ. ನನ್ನ ಮುಖ ನೋಡಿದ, ಸುಧಾಳ ಮುಖ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಉಳಿದ ಚಹಾ ಕೈಗೆತ್ತಿಕೊಂಡ. ಇಷ್ಟು ಅವಮಾನದ ಮಾತನ್ನು ಯಾವ ಕಳ್ಳನೂ ಕಟ್ಟಿ ಹೇಳಲಾರ ಎಂದು ಆತನಿಗೆ ಖಾತ್ರಿಯಾಗಿತ್ತು.

ನಾನು ಸುಧಾಳ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಅವಳ ದನಿ ಮಾತ್ರ ಕೇಳಿಸಿತು, ಆದರೆ ಅದು ನನಗೆ ಹೇಳಿದ್ದಲ್ಲ. "ಕೇಳಿದ್ರಲ್ಲ, ಹನ್ನೆರಡೂವರೆ ಸಾವಿರದ ಮಾಲು. ಒಂದ ಸರ್ತಿ ಬಳಸಿದ್ದು. ಎಂಟೂವರೆ ಕೊಡ್ರಿ." ಎಂಟೂವರೆ ಎಂಬುದು ಅವಳಿಗೆ ಎಲ್ಲಿಂದ ಬಂತು ಎಂದು ನಾನು ಬೆಚ್ಚಿದೆ. ಜಾಲತಾಣವನ್ನು ಅವಳೂ ನೋಡುತ್ತಿದ್ದಳೆಂದು ಕಾಣುತ್ತದೆ.

ಶರಣಪ್ಪ ಐದರಿಂದ ಶುರುಮಾಡಿದ. ಇಬ್ಬರೂ ಹುರುಪಿನಿಂದ ಹತ್ತಿಕೊಂಡರು. ಏಳರ ಹತ್ತಿರ ಬಂದಾಗ ಆತ ಟಾರ್ಕ್ ಪಾನಾ ಎತ್ತಿ ತೋರಿಸಿದ. "ಅಕ್ಕಾರ, ಇದನ್ನ ನೋಡ್ರಿ. ಕೆಲಸ ಮುಗದ ಮ್ಯಾಲೆ ಸಡಲ ಮಾಡಿ ಇಡಬೇಕು. ಸಾಹೇಬ್ರು ಪೂರಾ ಬಿಗಿ ಮಾಡಿ ಇಟ್ಟುಬಿಟ್ಟಾರ. ಐದು ವರ್ಷ ಬಿಗಿ ಹಿಡದು ಕುಂತ್ರ ಒಳಗಿನ ಸ್ಪ್ರಿಂಗ್ ಸೋತು ಹೋಗತೈತಿ. ಇನ್ನ ಇದು ಖರೇ ಹೇಳಂಗಿಲ್ಲ." ಸುಧಾ ಆಗ ಮೊದಲ ಸಲ ನನ್ನ ಕಡೆ ನೋಡಿದಳು. ಆರೂವರೆಗೆ ಮುಗಿಯಿತು. ಆತ ಹಣ ಎಣಿಸಿ ಸುಧಾಳ ಕೈಗೇ ಕೊಟ್ಟ. ಪೆಟ್ಟಿಗೆಯ ಎರಡು ತುದಿ ಹಿಡಿದು ನಾನೂ ಶರಣಪ್ಪನೂ ಕೆಳಗಿಳಿಸಿದೆವು. ಪಾರ್ಕಿಂಗಿನಲ್ಲಿ ಆತ, "ಸಾಹೇಬ್ರ, ಅಂಗಡಿ ಪೂಜಾಕ್ಕ ಅಕ್ಕಾರನ್ನ ಕರಕೊಂಡು ಬರ್ರಿ" ಎಂದ. ನನ್ನನ್ನು ಬರೀ ಜೊತೆಗಾರನನ್ನಾಗಿ ಕರೆದದ್ದು ಸ್ಪಷ್ಟವಿತ್ತು.

ಮೇಲೆ ಬಂದೆ. ಕ್ಷಮೆಯ ನಾಲ್ಕು ಮಾತು ಮೆಟ್ಟಿಲ ಮೇಲೇ ಜೋಡಿಸಿಕೊಂಡಿದ್ದೆ. ಬಾಗಿಲು ದಾಟುವಷ್ಟರಲ್ಲಿ ಅವು ಮರೆತುಹೋದವು.

"ನಿನಗ ಮೊದಲs ಗೊತ್ತಿತ್ತೇನು?" ಎಂದಷ್ಟೇ ಕೇಳಿದೆ.

"ಎಷ್ಟು ಅಂತ ಗೊತ್ತಿರಲಿಲ್ಲ. ನಾಲ್ಕು ಸಾವಿರದ ಸಾಮಾನಿಗೆ ನೀವು ಮಲ್‌ಮಲ್ ಅರಿವಿ ಹೊಚ್ಚವರಲ್ಲ ಅಂತ ಗೊತ್ತಿತ್ತು. ನೀವs ಹೇಳ್ತೀರಿ ಅಂತ ಕಾದೆ" ಎಂದಳು. ಆ ಕೊನೆಯ ಮಾತನ್ನು ಅವಳು ತಮಾಷೆಗೆ ಹೇಳಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು. ಐದು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡದ್ದನ್ನು ಅವಳು ಐದು ವರ್ಷ ಕಾದುಕೊಂಡು ಕೂತಿದ್ದಳು.

ಆಮೇಲೆ ಅವಳು ನೋಟುಗಳನ್ನು ತೆಗೆದು ನಾಲ್ಕು ಸಾವಿರ ಎಣಿಸಿ ನನ್ನ ಕೈಯಲ್ಲಿಟ್ಟಳು. ಉಳಿದದ್ದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು.

"ಇದೇನು?" ಎಂದೆ.

"ನಾಲ್ಕಕ್ಕ ತಂದಿದ್ರಿ, ನಾಲ್ಕು ಬಂತು. ಹಳೇ ಸಾಮಾನಿಗೆ ಹಾಕಿದ ರೊಕ್ಕ ಪೂರಾ ತಿರುಗಿ ಬಂದದ್ದು ಎಲ್ಲೆರೆ ಕೇಳೀರೇನು?" ಎಂದು ಅಡುಗೆಮನೆಗೆ ಹೋದಳು.

ನಾನು ನಾಲ್ಕು ಸಾವಿರವನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡೆ. ಐದು ವರ್ಷ ನಾನೇ ಹೇಳಿಕೊಂಡು ಬಂದ ಬೆಲೆ ಅದು. ಕಡಿಮೆಯಾಯಿತು ಎಂದು ಯಾವ ಬಾಯಿಂದ ಹೇಳಲಿ?